ಪಾತ್ರೆ ತೊಳೆಯಕೂಡದೆಂದು ಕರಾರಾದ ಕೈಗಳು



ಈ ಸಲ ಬಂದ ಪತ್ರಗಳ ಕಟ್ಟಿನಲ್ಲಿ ಒಂದು ಪತ್ರ ನನ್ನನ್ನು ಹಿಡಿದು ನಿಲ್ಲಿಸಿಬಿಟ್ಟಿತು. ಬರೆದಾಕೆ ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. “ಅಕ್ಕಾ, ಮೂರು ಹೊತ್ತೂ ಪಾತ್ರೆ ತಿಕ್ಕಿ ತಿಕ್ಕಿ ನನ್ನ ಕೈ ಒಬ್ಬರ ಮುಂದೆ ಚಾಚೋಕೆ ನಾಚಿಕೆಯಾಗುತ್ತೆ. ಮೊನ್ನೆ ತಂಗಿ ಮದುವೇಲಿ ಬಳೆಗಾರ ನನ್ನ ಕೈ ಹಿಡಿದು, ‘ಏನವ್ವಾ, ಕಲ್ಲು ಒಡೆಯೋ ಕೆಲಸವಾ?’ ಅಂತ ಕೇಳಿಬಿಟ್ಟ. ಏನಾದರೂ ಮನೆಮದ್ದು ಇದ್ದರೆ ತಿಳಿಸಿ” ಎಂದು ಬರೆದಿದ್ದಾರೆ.

ಮನೆಮದ್ದು ಖಂಡಿತ ಹೇಳ್ತೀನಿ, ಕೊನೆಯಲ್ಲಿ. ಅದಕ್ಕೆ ಮುಂಚೆ ನನಗೆ ಒಬ್ಬಾಕೆಯ ಕೈಗಳ ನೆನಪಾಯಿತು. ಆ ಕಥೆ ಕೇಳಿ.

1950ರ ದಶಕದಲ್ಲಿ ಲಂಡನ್ನಿನಲ್ಲಿ ಒಬ್ಬಾಕೆ ಇದ್ದಳು. ಅವಳ ಎರಡು ಕೈಗಳಿಗೆ ಲಾಯ್ಡ್ಸ್ ವಿಮೆಯವರ ಬಳಿ 40,000 ಪೌಂಡು ವಿಮೆ ಮಾಡಿಸಿದ್ದರು. ಮನೆಗೆ ವಿಮೆ ಕೇಳಿದ್ದೀವಿ, ಲಾರಿಗೆ ಕೇಳಿದ್ದೀವಿ, ಕೈಗೆ ಕೇಳಿದ್ದೀರಾ? ಅದೂ ಇರಲಿ, ಆ ವಿಮೆಯಲ್ಲಿ ಒಂದು ಷರತ್ತು ಇತ್ತಂತೆ: ಈಕೆ ಯಾವತ್ತೂ ಪಾತ್ರೆ ತೊಳೆಯಕೂಡದು!

ಇದನ್ನು ಓದಿ ಹೇಳಿದಾಗ ನಮ್ಮ ಯಜಮಾನರು ಪೇಪರು ಕೆಳಗಿಟ್ಟು, “ಹಾಗಾದ್ರೆ ನಿನಗೂ ಒಂದು ಪಾಲಿಸಿ ಮಾಡಿಸೋಣ, ಆದ್ರೆ ಆ ಷರತ್ತು ಬೇಡ” ಅಂದರು. ಗಂಡಸರ ಮಾತು ಬಿಡಿ.

ಆಕೆಯ ಹೆಸರು ವಿನಿಫ್ರೆಡ್ ಆಟ್ವೆಲ್. ಪಿಯಾನೋ ವಾದಕಿ. ಹತ್ತು ವರ್ಷ ಬ್ರಿಟನ್ನಿನ ಮನೆಮನೆಯಲ್ಲೂ ಅವಳ ರೆಕಾರ್ಡು ಹಾಡುತ್ತಿತ್ತು. ದೊಡ್ಡ ಸಂಗೀತ ಸಭೆಗಳಲ್ಲಿ ಕೈಕಟ್ಟಿ ಕೂತು ಕೇಳುವ ಸಂಗೀತವಲ್ಲ. ಕಾಲು ತಾನಾಗಿ ತಾಳ ಹಾಕುವಂಥದ್ದು. ಅಲ್ಲಿಯವರು ಅದಕ್ಕೆ ಲಘು ಸಂಗೀತ ಅಂತಲೇ ಹೇಳುತ್ತಾರೆ. ಬೆಂಗಳೂರಿನಿಂದ ರಜೆಗೆ ಬಂದಿದ್ದ ಮಗಳು ಮೊಬೈಲಿನಲ್ಲಿ ಆಕೆಯ ಹಳೆಯ ಕಪ್ಪು ಬಿಳುಪು ಚಿತ್ರ ಹಾಕಿ ತೋರಿಸಿದಳು. ನಾನು ಹುಣಿಸೆಹಣ್ಣು ಬಿಡಿಸುತ್ತಾ ಕೂತಿದ್ದವಳು ಹಾಗೇ ನಿಲ್ಲಿಸಿಬಿಟ್ಟೆ. ಬೆರಳು ಓಡುತ್ತಿದೆ ಮಿಂಚಿನ ಹಾಗೆ, ಆಕೆಯೋ ಮಣೆಯ ಕಡೆ ನೋಡುವುದೂ ಇಲ್ಲ, ನಮ್ಮ ಕಡೆ ತಿರುಗಿ ಮುಖದ ತುಂಬ ನಗುತ್ತಾ ಕೂತಿದ್ದಾಳೆ!

ಆಕೆ ಬಿಳಿಯಳಲ್ಲ. ಕಪ್ಪು ವರ್ಣದವಳು. ಹುಟ್ಟಿದ್ದು ವೆಸ್ಟ್ ಇಂಡೀಸಿನ ಟ್ರಿನಿಡಾಡ್ ದ್ವೀಪದ ಟುನಾಪುನಾ ಅನ್ನುವ ಊರಲ್ಲಿ, 1910ರ ದಶಕದಲ್ಲಿ. ಟ್ರಿನಿಡಾಡ್ ಅಂದರೆ ನಮ್ಮ ಮನೆಯ ಗಂಡಸರಿಗೆ ಕ್ರಿಕೆಟ್ಟು. ಗಾವಸ್ಕರ್ 1971ರಲ್ಲಿ ಇನ್ನೂರಕ್ಕೂ ಮಿಕ್ಕಿ ಹೊಡೆದದ್ದು ಅಲ್ಲಿ, ಲಾರಾ ಹುಟ್ಟಿದ್ದು ಅಲ್ಲಿ. ನಮ್ಮ ದೇಶದವರೂ ಅಲ್ಲಿ ಬಹಳ ಮಂದಿ. 1845ರಿಂದ 1917ರ ತನಕ ಕಬ್ಬಿನ ತೋಟದ ಕೂಲಿಗೆಂದು ಬಿಹಾರ, ಉತ್ತರ ಪ್ರದೇಶದ ಕಡೆಯಿಂದ ಹಡಗು ತುಂಬಿಸಿಕೊಂಡು ಹೋದವರ ಮೊಮ್ಮಕ್ಕಳು, ಮರಿಮಕ್ಕಳು.

ವಿನಿಫ್ರೆಡ್ಡಳ ಮನೆಯವರದು ಔಷಧಿ ಅಂಗಡಿ. ಮಗಳೂ ಔಷಧಿ ಶಾಸ್ತ್ರ ಕಲಿತು ಅಂಗಡಿ ನೋಡಿಕೊಳ್ಳಲಿ ಎಂಬುದು ಮನೆಯ ಲೆಕ್ಕ. ಅವಳು ಅದನ್ನೂ ಕಲಿತಳು. ಆದರೆ ಚಿಕ್ಕಂದಿನಿಂದ ಪಿಯಾನೋ ಹುಚ್ಚು. ಸಣ್ಣ ಹುಡುಗಿಯಾಗಿದ್ದಾಗಲೇ ಶೋಪಾನ್ ಎಂಬ ದೊಡ್ಡ ಸಂಗೀತಗಾರನ ಕೃತಿಗಳನ್ನು ಸಭೆಯಲ್ಲಿ ನುಡಿಸುತ್ತಿದ್ದಳಂತೆ. ಮನಸ್ಸಿನಲ್ಲಿದ್ದದ್ದು ಅದೇ, ಶಾಸ್ತ್ರೀಯ ಸಂಗೀತದ ವಾದಕಿ ಆಗಬೇಕು ಅಂತ.

ಎರಡನೇ ಮಹಾಯುದ್ಧದ ಕಾಲದಲ್ಲಿ ಟ್ರಿನಿಡಾಡಿನ ಪಿಯಾರ್ಕೋ ಎಂಬಲ್ಲಿ ಸೈನಿಕರ ವಿಮಾನ ನೆಲೆ ಇತ್ತು. ಅಲ್ಲಿ ಈಕೆ ಸೈನಿಕರ ಮುಂದೆ ನುಡಿಸುತ್ತಿದ್ದಳು. ಒಬ್ಬ ಬಾಜಿ ಕಟ್ಟಿದ: ಅಮೆರಿಕದಲ್ಲಿ ಆಗ ಎಲ್ಲರೂ ಕುಣಿಯುತ್ತಿದ್ದ ‘ಬೂಗಿ ವೂಗಿ’ ಶೈಲಿ ನಿನ್ನ ಕೈಲಿ ಆಗೋದಿಲ್ಲ ಅಂತ. ಹೆಣ್ಣುಮಕ್ಕಳಿಗೆ ‘ಆಗೋದಿಲ್ಲ’ ಅಂದರೆ ಕೇಳಬೇಕೇ? ಹೋಗಿ ಕೂತು ಆ ಶೈಲಿಯಲ್ಲಿ ತಾನೇ ಒಂದು ಕೃತಿ ರಚಿಸಿಕೊಂಡು ಬಂದಳು. ಊರಿನ ಹೆಸರನ್ನೇ ಅದಕ್ಕಿಟ್ಟಳು, ‘ಪಿಯಾರ್ಕೋ ಬೂಗಿ’. ಮುಂದೆ ಅದು ‘ಫೈವ್ ಫಿಂಗರ್ ಬೂಗಿ’ ಅಂತ ಹೆಸರು ಬದಲಿಸಿಕೊಂಡಿತು. ಐದು ಬೆರಳಿನ ಬೂಗಿ.

ಆಮೇಲೆ ಅಮೆರಿಕಕ್ಕೆ ಹೋಗಿ ಅಲೆಕ್ಸಾಂಡರ್ ಬೊರೋವ್‌ಸ್ಕಿ ಎಂಬ ಗುರುಗಳ ಹತ್ತಿರ ಕಲಿತು, 1946ರಲ್ಲಿ ಲಂಡನ್ನಿಗೆ ಬಂದು ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್ ಸೇರಿದಳು. ಯುದ್ಧ ಮುಗಿದ ಹೊಸತು. ಬ್ರೆಡ್ಡಿಗೂ ಪಡಿತರ ಚೀಟಿ ಬೇಕಾಗಿದ್ದ ಊರು ಅದು. ಓದಿನ ಖರ್ಚಿಗೆ ಏನು ಮಾಡುವುದು? ಹಗಲೆಲ್ಲ ಶಾಸ್ತ್ರೀಯ ಅಭ್ಯಾಸ, ರಾತ್ರಿ ಕ್ಲಬ್ಬುಗಳಲ್ಲಿ, ನಾಟಕಶಾಲೆಗಳಲ್ಲಿ ‘ರ್‍ಯಾಗ್’ ನುಡಿಸಿ ನಾಲ್ಕು ಕಾಸು. ವಾರಕ್ಕೆ ಕೆಲವೇ ಪೌಂಡು ಬರುತ್ತಿತ್ತು.

ಈ ರ್‍ಯಾಗ್ ಅಂದರೆ ಏನು ಅಂತ ನಾನೂ ಮಗಳನ್ನು ಕೇಳಿದೆ. ಅವಳು ಏನೇನೋ ಹೇಳಿದಳು. ಕೇಳಿ ಕೇಳಿ ನನಗೆ ಅರ್ಥವಾದದ್ದು ಹೀಗೆ. ಎಡಗೈ ಒಂದೇ ಲಯದಲ್ಲಿ ‘ಧುಮ್ ಚಕ್, ಧುಮ್ ಚಕ್’ ಅಂತ ಹೋಗುತ್ತಿರುತ್ತದೆ, ಕುಟ್ಟೋ ಒನಕೆಯ ಹಾಗೆ, ತಪ್ಪದೆ. ಬಲಗೈ ಮಾತ್ರ ಆ ಪೆಟ್ಟಿನ ಮೇಲೆ ಬೀಳುವುದಿಲ್ಲ. ಸ್ವಲ್ಪ ಮುಂಚೆ, ಇಲ್ಲ ಸ್ವಲ್ಪ ತಡ. ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿಯುತ್ತಲ್ಲ, ನಾವು ಇಲ್ಲಿ ಅಂದರೆ ಅದು ಅಲ್ಲಿ, ಹಾಗೆ! ಎಡಗೈ ಒನಕೆ, ಬಲಗೈ ಸಾಸಿವೆ. ಅಮೆರಿಕದ ಕರಿಯ ಜನಾಂಗದ ವಾದಕರು 1890ರ ದಶಕದಲ್ಲಿ ಬೆಳೆಸಿದ ಶೈಲಿ ಇದು. ಸ್ಕಾಟ್ ಜಾಪ್ಲಿನ್ ಎಂಬಾತ ಅವರಲ್ಲಿ ಮುಖ್ಯ. ಬೂಗಿಯಲ್ಲಿ ಎಡಗೈ ಇನ್ನೂ ಬಿರುಸು, ಒಂದು ಆವರ್ತಕ್ಕೆ ಎಂಟು ಪೆಟ್ಟು, ರೈಲು ಹೋದ ಹಾಗೆ. ಕೇಳುವುದಕ್ಕೆ ಆಟದ ಹಾಗಿರುತ್ತದೆ, ಎರಡು ಕೈಗೂ ಎರಡು ಬುದ್ಧಿ ಇಲ್ಲದಿದ್ದರೆ ನುಡಿಸಲಾಗದು.

ಲಂಡನ್ನಿನಲ್ಲಿ ಲ್ಯೂ ಲೆವಿಸೋನ್ ಎಂಬಾತನ ಜೊತೆ ಮದುವೆಯಾಯಿತು. ಆತ ರಂಗದ ಮೇಲೆ ಜನರನ್ನು ನಗಿಸುತ್ತಿದ್ದವನು. ತನ್ನ ಕೆಲಸ ಬಿಟ್ಟು ಹೆಂಡತಿಯ ಕಾರ್ಯಕ್ರಮಗಳ ಉಸ್ತುವಾರಿಗೆ ನಿಂತ. ಎಷ್ಟು ಮಂದಿ ಗಂಡಸರು ಹಾಗೆ ನಿಂತಾರು, ಹೇಳಿ? ಅದೃಷ್ಟ ಬಂದದ್ದು ಕ್ಯಾಸಿನೋ ನಾಟಕಶಾಲೆಯಲ್ಲಿ. ಅಲ್ಲಿ ಮುಖ್ಯ ಕಲಾವಿದೆಗೆ ಹುಷಾರು ತಪ್ಪಿ ಈಕೆಯನ್ನು ಬದಲಿಗೆ ಹತ್ತಿಸಿದರು. ನೋಡುತ್ತಿದ್ದ ಬರ್ನಾರ್ಡ್ ಡೆಲ್ಫಾಂಟ್ ಎಂಬ ದೊಡ್ಡ ಸಂಘಟಕ ಅವಳೊಡನೆ ದೀರ್ಘ ಕಾಲದ ಒಪ್ಪಂದವನ್ನೇ ಮಾಡಿಕೊಂಡ. 1951ರಲ್ಲಿ ಡೆಕ್ಕಾ ಕಂಪನಿಯ ರೆಕಾರ್ಡುಗಳು ಶುರುವಾದವು.

ಈಗ ನನಗೆ ಬಹಳ ಇಷ್ಟವಾದ ಭಾಗಕ್ಕೆ ಬರ್ತೀನಿ. ಆ ‘ಇನ್ನೊಂದು ಪಿಯಾನೋ’ ಕಥೆ.

ಲಂಡನ್ನಿನ ಬ್ಯಾಟರ್‌ಸೀ ಎಂಬಲ್ಲಿ ಒಂದು ಗುಜರಿ ಅಂಗಡಿ. ಅಲ್ಲಿಂದ ಲ್ಯೂ 50 ಶಿಲ್ಲಿಂಗಿಗೆ ಒಂದು ಹಳೇ ಪಿಯಾನೋ ತಂದ. ಆಗ 20 ಶಿಲ್ಲಿಂಗಿಗೆ ಒಂದು ಪೌಂಡು. ಅಂದರೆ ಎರಡೂವರೆ ಪೌಂಡು ಬೆಲೆ. ಶ್ರುತಿ ಕೆಟ್ಟು ಹೋಗಿತ್ತು. ಆಕೆ ವೇದಿಕೆಗೆ ಬಂದರೆ ಮೊದಲು ಫಳಫಳ ಹೊಳೆಯುವ ದೊಡ್ಡ ಗ್ರ್ಯಾಂಡ್ ಪಿಯಾನೋ ಮುಂದೆ ಕೂತು ಗಂಭೀರವಾದ ಶಾಸ್ತ್ರೀಯ ಕೃತಿ ನುಡಿಸುವಳು. ಜನ ಚಪ್ಪಾಳೆ ತಟ್ಟುವರು. ಆಮೇಲೆ ಎದ್ದು, ವೇದಿಕೆ ದಾಟಿ, ಮೂಲೆಯಲ್ಲಿದ್ದ ಆ ಗುಜರಿ ಪಿಯಾನೋಗೆ ಹೋಗಿ ಕೂರುವಳು. ಸಭೆ ಎದ್ದು ಕೂಗಿಬಿಡುತ್ತಿತ್ತು! ರೆಕಾರ್ಡಿನ ಮೇಲೂ ‘ಇನ್ನೊಂದು ಪಿಯಾನೋದಲ್ಲಿ’ ಅಂತಲೇ ಅಚ್ಚಾಗುತ್ತಿತ್ತು. ಎಲ್ಲೆಲ್ಲಿ ಹೋದರೂ ಅದನ್ನೂ ಹೊತ್ತೊಯ್ಯುತ್ತಿದ್ದರು.

ಕೆಟ್ಟ ಶ್ರುತಿಯಲ್ಲಿ ಏನು ಸೊಗಸು ಅನ್ನುತ್ತೀರಾ? ಹಾರ್ಮೋನಿಯಂ ಗೊತ್ತಿದ್ದವರಿಗೆ ಇದು ತಿಳಿಯುತ್ತದೆ. ಪಿಯಾನೋದಲ್ಲಿ ಹೆಚ್ಚಿನ ಸ್ವರಗಳಿಗೆ ಮೂರು ಮೂರು ತಂತಿ. ಮೂರೂ ಒಂದೇ ಶ್ರುತಿಯಲ್ಲಿದ್ದರೆ ನಾದ ನುಣ್ಣಗೆ. ಒಂದು ತಂತಿ ಕೂದಲೆಳೆಯಷ್ಟು ಜಾರಿದರೆ ಸ್ವರ ಅಲೆ ಅಲೆಯಾಗಿ ನಡುಗುತ್ತದೆ, ಒಂದು ಥರ ಝಣ್ ಅನ್ನುತ್ತದೆ. ಡಬಲ್ ರೀಡಿನ ಹಾರ್ಮೋನಿಯಮ್ಮಿನಲ್ಲಿ ಒಂದು ರೀಡು ಕೆಟ್ಟರೂ ಹಾಗೇ ಆಗುತ್ತಲ್ಲ. ಬ್ರಿಟನ್ನಿನಲ್ಲಿ ಆಗ ಬೀದಿಗೊಂದು ಹೆಂಡದಂಗಡಿ, ಒಳಗೊಂದು ಹಳೇ ಪಿಯಾನೋ. ಬಡವರ ಮನೆಯ ಪಡಸಾಲೆಯಲ್ಲೂ ಒಂದು. ಯಾರಿಗೂ ಶ್ರುತಿ ಮಾಡಿಸುವಷ್ಟು ದುಡ್ಡಿಲ್ಲ. ಹಾಗಾಗಿ ಆ ಝಣಝಣ ಸದ್ದು ಅಂದರೆ ಅವರಿಗೆ ಅಪ್ಪ, ಅಜ್ಜಿ, ಹಬ್ಬ ಎಲ್ಲಾ ಒಟ್ಟಿಗೆ ನೆನಪಾಗುವ ಸದ್ದು. ಗ್ರ್ಯಾಂಡ್ ಪಿಯಾನೋ ಯಾರ ಮನೆಯಲ್ಲಿತ್ತು?

1952ರಲ್ಲಿ ಒಂದು ರೆಕಾರ್ಡು ಬಂತು. ಮುಂದಿನ ಬದಿಗೆ ಬೇರೆ ಕೃತಿ, ಹಿಂಬದಿಗೆ ಸುಮ್ಮನೆ ಜಾಗ ತುಂಬಲು ‘ಬ್ಲ್ಯಾಕ್ ಅಂಡ್ ವೈಟ್ ರ್‍ಯಾಗ್’. ಜಾರ್ಜ್ ಬಾಟ್ಸ್‌ಫೋರ್ಡ್ ಎಂಬಾತ 1908ರಲ್ಲಿ ರಚಿಸಿದ್ದ ಹಳೇ ತುಣುಕು. ಜ್ಯಾಕ್ ಜ್ಯಾಕ್ಸನ್ ಎಂಬ ರೇಡಿಯೋದಾತ ರೆಕಾರ್ಡು ತಿರುಗಿಸಿ ಆ ಹಿಂಬದಿಯನ್ನು ಹಾಕಿದ. ಅಷ್ಟೇ! ಹತ್ತು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ಕೆಲವು ಸಲ ಹಬ್ಬದೂಟಕ್ಕಿಂತ ಮಾರನೇ ದಿನ ಉಳಿದದ್ದಕ್ಕೆ ಹಾಕಿದ ಒಗ್ಗರಣೆ ರುಚಿ ಹತ್ತುವುದಿಲ್ಲವೇ? 1969ರಲ್ಲಿ ಬಿಬಿಸಿ ಟೀವಿಯವರು ಸ್ನೂಕರ್ ಆಟದ ‘ಪಾಟ್ ಬ್ಲ್ಯಾಕ್’ ಕಾರ್ಯಕ್ರಮ ಶುರು ಮಾಡಿದಾಗ ಮುಖಗೀತೆಯಾಗಿ ಇದನ್ನೇ ಹಾಕಿದರು.

1952ರ ನವೆಂಬರಿನಲ್ಲಿ ರಾಣಿ ಎಲಿಜಬೆತ್ತರ ಮುಂದೆ ನುಡಿಸುವ ಕರೆ ಬಂತು. ಅದಕ್ಕೆಂದೇ ಆಕೆ ‘ಬ್ರಿಟಾನಿಯಾ ರ್‍ಯಾಗ್’ ರಚಿಸಿದಳು. ಮಾರನೇ ವರ್ಷ ರಾಣಿಯ ಪಟ್ಟಾಭಿಷೇಕಕ್ಕೆ ‘ಕಾರೊನೇಷನ್ ರ್‍ಯಾಗ್’. 1954ರ ಕ್ರಿಸ್ಮಸ್ ಹೊತ್ತಿಗೆ ‘ಲೆಟ್ಸ್ ಹ್ಯಾವ್ ಅನದರ್ ಪಾರ್ಟಿ’. ಎಲ್ಲರಿಗೂ ಬಾಯಿಪಾಠವಿದ್ದ ಹಳೇ ಹಾಡುಗಳನ್ನು ಒಂದಕ್ಕೊಂದು ಹೆಣೆದು ನುಡಿಸಿದ್ದು, ನಮ್ಮ ಅಂತ್ಯಾಕ್ಷರಿಯ ಹಾಗೆ. ಅದು ಬ್ರಿಟನ್ನಿನ ರೆಕಾರ್ಡು ಪಟ್ಟಿಯಲ್ಲಿ ಐದು ವಾರ ಮೊದಲನೇ ಸ್ಥಾನದಲ್ಲಿ ಕೂತಿತು. ಆ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಮೊದಲ ಕಪ್ಪು ಕಲಾವಿದೆ, ಅಷ್ಟೇ ಏಕೆ, ಗಂಡಸರನ್ನೂ ಸೇರಿಸಿಯೇ ಮೊದಲನೆಯವಳು ಇವಳೇ. 1956ರಲ್ಲಿ ‘ದಿ ಪೂರ್ ಪೀಪಲ್ ಆಫ್ ಪ್ಯಾರಿಸ್’ ಮತ್ತೆ ಮೊದಲನೇ ಸ್ಥಾನ. ಇದರದ್ದೊಂದು ತಮಾಷೆ ಇದೆ. ಮೂಲದಲ್ಲಿ ಅದು ಮಾರ್ಗರೀತ್ ಮೊನೋ ಎಂಬ ಫ್ರೆಂಚ್ ಮಹಿಳೆ ರಾಗ ಹಾಕಿದ, ‘ಪಾಪದ ಜಾನ್’ ಎಂಬುವನ ಹಾಡು. ಫ್ರೆಂಚಿನಲ್ಲಿ ‘ಪಾಪದ ಜಾನ್’ ಅನ್ನುವುದೂ ‘ಬಡ ಜನ’ ಅನ್ನುವುದೂ ಕಿವಿಗೆ ಒಂದೇ ಥರ. ಇಂಗ್ಲಿಷಿನವರು ತಪ್ಪಾಗಿ ಕೇಳಿಸಿಕೊಂಡು ‘ಪ್ಯಾರಿಸ್ಸಿನ ಬಡ ಜನ’ ಮಾಡಿಬಿಟ್ಟರು!

ಅದೇ ವರ್ಷ ಟೀವಿಯಲ್ಲಿ ಅವಳದೇ ಹೆಸರಿನ ಕಾರ್ಯಕ್ರಮ. ಆ ಕಾಲದಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್ ಬಡಾವಣೆಯಲ್ಲಿ ಒಂದು ಕೇಶಾಲಂಕಾರದ ಅಂಗಡಿಯನ್ನೂ ತೆರೆದಳು. ವೆಸ್ಟ್ ಇಂಡೀಸಿನಿಂದ ಬಂದ ಹೆಂಗಸರು ಅಲ್ಲಿ ನೆಲೆಯೂರುತ್ತಿದ್ದ ಕಾಲ, ಅವರ ಗುಂಗುರು ಕೂದಲಿಗೆ ಕೈಹಾಕಲು ತಿಳಿದ ಅಂಗಡಿಗಳು ಇರಲಿಲ್ಲ. ಇದನ್ನು ಓದಿದಾಗ ನನಗೆ ರಾಣಿಯ ಮುಂದೆ ನುಡಿಸಿದ್ದಕ್ಕಿಂತ ಹೆಚ್ಚು ಖುಷಿಯಾಯಿತು.

ಎಲ್ಲವೂ ನಗುನಗುತ್ತಲೇ ನಡೆಯಿತು ಅಂದುಕೊಳ್ಳಬೇಡಿ. 1956ರಲ್ಲಿ ಅಮೆರಿಕದಲ್ಲಿ ಎಡ್ ಸುಲಿವನ್ ಎಂಬಾತನ ಹೆಸರಾಂತ ಟೀವಿ ಕಾರ್ಯಕ್ರಮಕ್ಕೆ ಕರೆದಿದ್ದರು. ಹೋದ ಮೇಲೆ ತಕರಾರು ಶುರು. ಕಪ್ಪು ಹೆಂಗಸೊಬ್ಬಳು ಬ್ರಿಟಿಷ್ ದೊರೆಸಾನಿಯ ಹಾಗೆ ಮಾತಾಡುವುದನ್ನು ಅಲ್ಲಿನ ದಕ್ಷಿಣದ ರಾಜ್ಯಗಳ ಜನ ಸಹಿಸಲಾರರು ಎಂದು. ಆ ಕಾರ್ಯಕ್ರಮ ನಡೆಯಲೇ ಇಲ್ಲ. ತಾಯ್ನಾಡಿನವರನ್ನು ಕುಣಿಸಿದ ಆ ರ್‍ಯಾಗು, ಬೂಗಿ ಹುಟ್ಟಿದ್ದೇ ಅಮೆರಿಕದ ಕರಿಯ ಜನರ ಕೈಯಲ್ಲಿ, ನೋಡಿ! ಆಕೆ ಇದನ್ನು ಊದಿ ಹೇಳಿಕೊಂಡವಳಲ್ಲ, ಜನ ನನ್ನನ್ನು ಮುದ್ದು ಮಾಡಿಯೇ ಕೆಡಿಸಿದ್ದಾರೆ ಎಂಬ ಧಾಟಿಯವಳು. ಆದರೆ ಬೇರೆಯವರಿಗೆ ಅನ್ಯಾಯ ಕಂಡಾಗ ಬಾಯಿ ಮುಚ್ಚಿಕೊಳ್ಳಲಿಲ್ಲ. 1962ರಲ್ಲಿ ಆಸ್ಟ್ರೇಲಿಯಾಕ್ಕೆ ಹೋದಾಗ ಅಲ್ಲಿನ ಮೂಲನಿವಾಸಿಗಳ ದುಃಸ್ಥಿತಿಯ ಬಗ್ಗೆ ನೇರವಾಗಿ ಮಾತಾಡಿ ಪತ್ರಿಕೆಗಳ ತಲೆಬರಹವಾದಳು.

ಇಷ್ಟೆಲ್ಲ ಓದುತ್ತಾ ನನ್ನನ್ನು ಕೊರೆದ ಪ್ರಶ್ನೆ ಒಂದೇ. ಶೋಪಾನ್ ನುಡಿಸಬೇಕೆಂದು ಸಮುದ್ರ ದಾಟಿ ಬಂದವಳು ಗುಜರಿ ಪಿಯಾನೋದಲ್ಲಿ ಹೆಂಡದಂಗಡಿಯ ಹಾಡು ನುಡಿಸಿ ಹೆಸರಾದಳಲ್ಲ, ಅವಳಿಗೆ ಹೊಟ್ಟೆಯಲ್ಲಿ ಸಂಕಟ ಆಗಿರಲಿಲ್ಲವೇ? ಪೂರ್ತಿ ಬಿಟ್ಟಿರಲಿಲ್ಲ ಅನ್ನುವುದು ನಿಜ. 1954ರಲ್ಲಿ ರಾಕ್ಮನಿನಾವ್‌ನ ಒಂದು ಶಾಸ್ತ್ರೀಯ ಭಾಗವನ್ನು ರೆಕಾರ್ಡು ಮಾಡಿದಳು. ಅದೂ ಮಾರಾಟದ ಪಟ್ಟಿಯಲ್ಲಿ ಒಂಬತ್ತನೇ ಸ್ಥಾನಕ್ಕೆ ಬಂತು. ಲಂಡನ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ಜೊತೆ ಗ್ರೀಗ್‌ನ ದೊಡ್ಡ ಕೃತಿಯನ್ನೂ ನುಡಿಸಿದಳು. ಆದರೆ ಜನ ಕೇಳಿದ್ದು ‘ಇನ್ನೊಂದು ಪಿಯಾನೋ’ವನ್ನೇ. ನನ್ನ ಮಗಳು ಅದನ್ನು ‘ರಾಜಿ’ ಅನ್ನುತ್ತಾಳೆ. ನನಗೆ ಹಾಗನ್ನಿಸುವುದಿಲ್ಲ. ಪ್ರತಿ ರಾತ್ರಿ ಮೊದಲು ಗ್ರ್ಯಾಂಡ್ ಪಿಯಾನೋಗೆ ಹೋಗಿ ಕೂತು, ತನ್ನದನ್ನು ನುಡಿಸಿ, ಆಮೇಲೆ ತಾನೇ ನಡೆದು ಇತ್ತ ಬರುತ್ತಿದ್ದಳಲ್ಲ? ಯಾವುದನ್ನೂ ಬಿಡದೆ ಎರಡರ ನಡುವೆ ನಡೆದಳು. ನಮ್ಮಲ್ಲಿ ಎಷ್ಟೋ ಜನ ಮೊದಲನೆಯದನ್ನು ಮುಚ್ಚಿ ಬೀಗ ಹಾಕಿಯೇ ಬಂದಿದ್ದೇವೆ.

ಹೇಳಿಬಿಡ್ತೀನಿ. ನನ್ನ ತವರಿನಿಂದ ಬಂದ ಹಾರ್ಮೋನಿಯಂ ಅಟ್ಟದ ಮೇಲಿದೆ. ಎಸ್ಸೆಸ್ಸೆಲ್ಸಿ ಆಗುವ ತನಕ ಕಲಿತಿದ್ದೆ, ದೇವರನಾಮ ಚೆನ್ನಾಗಿಯೇ ನುಡಿಸುತ್ತಿದ್ದೆ. ಮದುವೆಯಾಗಿ ಬಂದ ಹೊಸತರಲ್ಲಿ ಒಂದು ದಿನ ನುಡಿಸಿದಾಗ ಮನೆಯ ಹಿರಿಯರೊಬ್ಬರು “ಒಲೆ ಮೇಲೆ ಹಾಲಿದೆ” ಅಂದರು. ಅಷ್ಟೇ ಅಂದದ್ದು. ಬೈಯಲಿಲ್ಲ. ಹಾಲು ಉಕ್ಕಿಯೂ ಇರಲಿಲ್ಲ. ಆದರೂ ಆವತ್ತು ಮುಚ್ಚಿಟ್ಟದ್ದು.

ಮತ್ತೆ ಅವಳ ಕಥೆಗೆ ಬರೋಣ. 1950ರ ದಶಕ ಮುಗಿಯುವ ಹೊತ್ತಿಗೆ ಗಿಟಾರಿನ ಕಾಲ ಬಂತು, ರೆಕಾರ್ಡು ಪಟ್ಟಿಯಲ್ಲಿ ಅವಳ ಹೆಸರು ಕಾಣಿಸದಾಯಿತು. ಲಂಡನ್ನಿನ ಹತ್ತಿರದ ಪಿನ್ನರ್ ಊರಿನ ಒಬ್ಬ ಪುಟ್ಟ ಹುಡುಗ ಅವಳ ಹುಚ್ಚು ಹಿಡಿಸಿಕೊಂಡು ಪಿಯಾನೋ ನುಡಿಸುತ್ತಿದ್ದ. ಅವನೇ ಮುಂದೆ ಜಗತ್ತಿಗೆಲ್ಲ ಗೊತ್ತಾದ ಎಲ್ಟನ್ ಜಾನ್. ಟ್ರಿನಿಡಾಡಿನವರು 1969ರಲ್ಲಿ ಚಿನ್ನದ ಹಮ್ಮಿಂಗ್‌ಬರ್ಡ್ ಪದಕ ಕೊಟ್ಟರು. ಎಣ್ಣೆಯ ಡ್ರಮ್ಮಿನ ತಳವನ್ನು ಬಡಿದು ಬಡಿದು ಸ್ವರ ಹೊರಡಿಸುವ ಅವರೂರಿನ ಉಕ್ಕಿನ ವಾದ್ಯದವರ ಜೊತೆ ಕೂತು ಆಕೆ ರೆಕಾರ್ಡನ್ನೂ ಮಾಡಿದ್ದಾಳೆ.

1970ರ ದಶಕದಲ್ಲಿ ದಂಪತಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ನೆಲೆಸಿದರು. 1977ರಲ್ಲಿ ಲ್ಯೂ ತೀರಿಕೊಂಡ. ಮಕ್ಕಳಿರಲಿಲ್ಲ. 1980ರಲ್ಲಿ ಪಾರ್ಶ್ವವಾಯು ಹೊಡೆಯಿತು. ಆದರೂ ಮರುವರ್ಷ ಟೀವಿಗೆ ಬಂದು ನುಡಿಸಿ, ಇನ್ನು ಸಾಕು ಎಂದು ತಾನೇ ಹೇಳಿ ಎದ್ದಳು. 1983ರಲ್ಲಿ ವಿದ್ಯುತ್ತಿನಿಂದ ಬೆಂಕಿ ತಗುಲಿ ನ್ಯಾರಬೀನಿನ ಮನೆ ಸುಟ್ಟುಹೋಯಿತು. ಸ್ನೇಹಿತರ ಮನೆಯಲ್ಲಿ ಉಳಿದಿದ್ದಾಗ, ಫೆಬ್ರವರಿ ಕೊನೆಗೆ, ಹೃದಯ ನಿಂತಿತು. ಗಂಡನ ಪಕ್ಕದಲ್ಲೇ ಮಣ್ಣು ಮಾಡಿದರು.

ಆ ಎರಡೂವರೆ ಪೌಂಡಿನ ಪಿಯಾನೋ ಮಾತ್ರ ಉಳಿಯಿತು. ಮುಂದೆ ಅದು ಇಂಗ್ಲೆಂಡಿನ ರಿಚರ್ಡ್ ಸ್ಟಿಲ್ಗೋ ಎಂಬ ಕಲಾವಿದರ ಪಾಲಾಯಿತು. ಲೆಕ್ಕ ಹಾಕಿ ನೋಡಿದೆ: ಕೈಗಳ ವಿಮೆ ಆ ಪಿಯಾನೋ ಬೆಲೆಯ ಹದಿನಾರು ಸಾವಿರ ಪಟ್ಟು.

ಈಗ ಪತ್ರದ ಸೋದರಿಗೆ ಉತ್ತರ. ಪಾತ್ರೆ ತೊಳೆಯುವ ಮುಂಚೆ ಕೈಗೆ ಎರಡು ಹನಿ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ತೊಳೆದ ಮೇಲೆ ಕೈ ಒದ್ದೆ ಬಿಡಬೇಡಿ, ಬೆರಳ ಸಂದಿಯೂ ಒರೆಸಿ. ವಾರಕ್ಕೆರಡು ಸಲ ಕಡಲೆಹಿಟ್ಟು, ಹಾಲಿನ ಕೆನೆ ಕಲಸಿ ತಿಕ್ಕಿ ತೊಳೆಯಿರಿ. ಬಿರುಕು ಬಿಟ್ಟಿದ್ದರೆ ನಿಂಬೆರಸ ಮಾತ್ರ ಬೇಡ, ಉರಿಯುತ್ತೆ. ರಾತ್ರಿ ಮಲಗುವಾಗ ಬೆಚ್ಚಗಿನ ತುಪ್ಪವನ್ನೋ ಎಣ್ಣೆಯನ್ನೋ ಹಚ್ಚಿ ಹಳೇ ಹತ್ತಿ ಕಾಲುಚೀಲವನ್ನು ಕೈಗೆ ಹಾಕಿಕೊಂಡು ಮಲಗಿ. ರಕ್ತ ಬರುವಷ್ಟು ಒಡೆದಿದ್ದರೆ, ನವೆ ಇದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಇನ್ನೊಂದು, ಮನೆಯಲ್ಲಿ ಬೆಳೆದ ಗಂಡುಮಕ್ಕಳಿದ್ದರೆ ರಾತ್ರಿಯ ಪಾತ್ರೆ ಅವರದು ಅಂತ ಮಾಡಿ. ಮೊದಲ ವಾರ ಒಂದೆರಡು ಲೋಟ ಒಡೆಯಬಹುದು, ಒಡೆಯಲಿ.

ಅಟ್ಟದಿಂದ ಹಾರ್ಮೋನಿಯಂ ಇಳಿಸಿದ್ದಾಯಿತು. ತಿದಿಯಲ್ಲಿ ಜಿರಲೆ ಮನೆ ಮಾಡಿತ್ತು, ಮೂರು ರೀಡು ಸದ್ದೇ ಮಾಡುತ್ತಿಲ್ಲ, ‘ಪ’ ಒತ್ತಿದರೆ ಝಣ್ ಅನ್ನುತ್ತೆ. ರಿಪೇರಿಯವನು ಬುಧವಾರದ ಸಂತೆಗೆ ಬರುತ್ತಾನಂತೆ. ಆ ‘ಪ’ ಒಂದನ್ನು ಮುಟ್ಟಬೇಡಪ್ಪಾ ಅಂತ ಹೇಳೋಣ ಅಂತಿದ್ದೀನಿ.